ಹಿತ್ತಿಲಿನ ರಾಶಿಯೂ ಉಕ್ಕಿನ ಒತ್ತುಹಲಗೆಯೂ

ವಾಣಿಜ್ಯವು ಬೆಳೆದಂತೆಲ್ಲ ಅಂಗಡಿ, ಹೋಟೆಲು, ಕಾರ್ಖಾನೆಗಳ ಹಿತ್ತಿಲಿನಲ್ಲಿ ರಟ್ಟಿನ ಪೆಟ್ಟಿಗೆಗಳು ರಾಶಿಬಿದ್ದು, ಅವನ್ನು ಸಾಗಿಸುವ ಲಾರಿಯು ಭಾರದಿಂದಲ್ಲದೆ ಬರಿಯ ಗಾತ್ರದಿಂದಲೇ ತುಂಬಿಹೋಗುತ್ತಿದ್ದ ಕಾಲವೊಂದಿತ್ತು. ಯೌವನದಲ್ಲಿ ಪನಾಮಾ ಕಾಲುವೆಯ ಅಗೆತದಲ್ಲಿ ದುಡಿದು, ಅನಂತರ ಸೋದರರೊಡನೆ ನಿರ್ಮಾಣದ ಗುತ್ತಿಗೆಯನ್ನು ಕೈಗೊಂಡ ಅಮೆರಿಕದ ನಾಕ್ಸ್‌ವಿಲ್ ನಗರದ ಜಾರ್ಜ್ ಡೆಂಪ್‌ಸ್ಟರ್ ಅವರು, ಲಾರಿಯೇ ಯಂತ್ರಬಲದಿಂದ ಎತ್ತಿ ಬರಿದುಮಾಡಬಲ್ಲ ಉಕ್ಕಿನ ತೊಟ್ಟಿಯನ್ನು 1930ರ ದಶಕದಲ್ಲಿ ರೂಪಿಸಿದರು. ಕಸವನ್ನು ತಲೆಯೆತ್ತರಕ್ಕೆ ಎತ್ತಿ ಸುರಿಯುತ್ತಿದ್ದ ಕಾರ್ಮಿಕರ ಬೆನ್ನಿಗೆ ಇದರಿಂದ ದೊರೆತ ವಿಶ್ರಾಂತಿಯನ್ನು ನಾನು ಈ ಇತಿಹಾಸದ ಶ್ರೇಷ್ಠ ಫಲವೆಂದೇ ಎಣಿಸುತ್ತೇನೆ.

ಗಾತ್ರದ ಪ್ರಶ್ನೆಗೆ ಉತ್ತರವು ಬಂದುದು ಬೇರೆ ಕಡೆಯಿಂದ. ವೇಗದ ದೋಣಿಗಳ ಪಂದ್ಯದಲ್ಲಿ ಪ್ರಖ್ಯಾತರಾಗಿದ್ದ ಗಾರ್ ವುಡ್ ಅವರ ಸಂಸ್ಥೆಯು 1938ರಲ್ಲಿ ಹೊರತಂದ ವಾಹನದಲ್ಲಿ, ಹಿಂಬದಿಯ ತೊಟ್ಟಿಗೆ ಬಿದ್ದ ಕಸವನ್ನು ದ್ರವದ ಒತ್ತಡದಿಂದ ಚಲಿಸುವ ಹಲಗೆಯೊಂದು ಒಳಕ್ಕೆ ನೂಕಿ ಅದುಮುತ್ತಿತ್ತು. ಇದೇ ತತ್ತ್ವವನ್ನು ಆಶ್ರಯಿಸಿ, ದೊಡ್ಡ ಮಳಿಗೆಗಳ ಹಿಂಬದಿಯಲ್ಲಿಯೇ ನೆಲೆನಿಂತು, ಮುಚ್ಚಿದ ಉಕ್ಕಿನ ಕೋಶದೊಳಕ್ಕೆ ಕಸವನ್ನು ತಳ್ಳುವ ಯಂತ್ರಗಳೂ ಮುಂದೆ ಬಂದವು.

ಆದರೆ ಒತ್ತಡವು ಗಾತ್ರವನ್ನು ಕುಗ್ಗಿಸುವುದೇ ಹೊರತು ತೂಕವನ್ನಲ್ಲ. ಅಡುಗೆಯ ಹಸಿ ಕಸವನ್ನು ಅದುಮಿದರೆ ಕೊಳೆನೀರು ಒಸರಿ ಅದರೊಡನಿರುವ ಕಾಗದವನ್ನೂ ಕೆಡಿಸುವುದು. ಆದುದರಿಂದ ವಿವೇಕಿಗಳಾದ ವರ್ತಕರು ಒಣರಟ್ಟನ್ನು ಮೊದಲೇ ಬೇರ್ಪಡಿಸಿ, ಬೇರೊಂದು ಯಂತ್ರದಲ್ಲಿ ಬಿಗಿಯಾದ ಹೊರೆಗಳಾಗಿ ಕಟ್ಟಿಸಿ, ಕಾಗದದ ಗಿರಣಿಗಳಿಗೆ ಮಾರತೊಡಗಿದರು.