ಸುಖ ಉಂಡ ‘ಕ್ಯಾಂಪ್’

‘ಸಾಹೇಬರು ಕ್ಯಾಂಪ್ ಹೋಗಿದ್ದಾರೆ’ ಎಂಬುದು ನಮ್ಮ ಕಚೇರಿಗಳ ಹಳೆಯ ಮಾತು. ಬೆಳಗಾವಿಯವರಿಗೆ ಕ್ಯಾಂಪ್ ಎಂದರೆ ದಂಡಿನ ಪ್ರದೇಶ. ಬ್ರಿಟನ್ನಿನಲ್ಲಿ ಮಾತ್ರ ಎರಡನೇ ಮಹಾಯುದ್ಧದ ನಂತರ ಈ ಪದ ರಜೆಯ ಹೆಸರಾಗಿ ಮೆರೆಯಿತು.

ಬಯಲು ಎಂಬ ಅರ್ಥದ ಲ್ಯಾಟಿನ್ ‘ಕ್ಯಾಂಪಸ್’ ಇದರ ಮೂಲ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಜೋಸೆಫ್ ಕನ್ನಿಂಗ್‌ಹ್ಯಾಮ್ 1894ರಲ್ಲಿ ಯುವಕರಿಗಾಗಿ ಡೇರೆಗಳ ರಜಾ ಕ್ಯಾಂಪ್ ಹಾಕಿದ. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಡಗ್ಲಸ್‌ನಲ್ಲಿದ್ದ ಅದೇ ಕ್ಯಾಂಪಿನಲ್ಲಿ ಶತ್ರುದೇಶದ ನಾಗರಿಕರನ್ನು ಕೂಡಿಹಾಕಿದರು. ಆಗಲೂ ಅದು ಕ್ಯಾಂಪೇ.

ಉದ್ಯಮಿ ಬಿಲ್ಲಿ ಬಟ್ಲಿನ್ 1936ರಲ್ಲಿ ಇಂಗ್ಲೆಂಡಿನ ಸ್ಕೆಗ್‌ನೆಸ್ ಕಡಲತೀರದಲ್ಲಿ ಸಾಲುಸಾಲು ಪುಟ್ಟ ಮನೆಗಳ ರಜಾ ಕ್ಯಾಂಪ್ ಕಟ್ಟಿಸಿದ. 1938ರಲ್ಲಿ ಸಂಬಳಸಹಿತ ರಜೆಯ ಕಾನೂನೂ ಬಂತು. ಮರುವರ್ಷವೇ ಯುದ್ಧ. ಸ್ಕೆಗ್‌ನೆಸ್ ನೌಕಾಪಡೆಯ ತರಬೇತಿ ನೆಲೆಯಾಗಿ ‘ಎಚ್‌ಎಂಎಸ್ ರಾಯಲ್ ಆರ್ಥರ್’ ಎನಿಸಿಕೊಂಡಿತು. 1946ರಲ್ಲಿ ಅದರ ಬಾಗಿಲು ಮತ್ತೆ ರಜೆಯವರಿಗೆ ತೆರೆಯಿತು.

ಸೈನಿಕ ಕ್ಯಾಂಪು, ಯುದ್ಧಕೈದಿಗಳ ಕ್ಯಾಂಪು, ನಾಜಿಗಳ ಕ್ಯಾಂಪು ಎಲ್ಲವನ್ನೂ ಕೇಳಿ ಬಂದ ಜನ ಅದೇ ಹೆಸರಿನ ಜಾಗಕ್ಕೆ ದುಡ್ಡು ಕೊಟ್ಟು ಯಾಕೆ ಹೋದರು? ಅದಕ್ಕೂ ಮೊದಲು ಕಡಲೂರಿನ ರಜೆ ಹೇಗಿತ್ತು ಎಂದು ನೋಡಿದರೆ ಉತ್ತರ ಸಿಗುತ್ತದೆ. ಅನೇಕ ವಸತಿಗೃಹಗಳಲ್ಲಿ ಬೆಳಗಿನ ತಿಂಡಿ ಮುಗಿದ ಮೇಲೆ ಅತಿಥಿಗಳು ಹೊರಗೆ ಹೋಗಲೇಬೇಕಿತ್ತು. ಮಳೆ ಸುರಿದರೂ ಮಕ್ಕಳನ್ನು ಕಟ್ಟಿಕೊಂಡು ಅಲೆಯಬೇಕು. ಬಟ್ಲಿನ್ ಕ್ಯಾಂಪಿನಲ್ಲಿ ಒಮ್ಮೆ ಕೊಟ್ಟ ಹಣದಲ್ಲೇ ವಾಸ, ಮೂರು ಹೊತ್ತಿನ ಊಟ, ನೃತ್ಯ, ನಾಟಕ, ಈಜು ಎಲ್ಲವೂ ಸೇರಿರುತ್ತಿತ್ತು. ಬೆಳಿಗ್ಗೆ ಧ್ವನಿವರ್ಧಕ ‘ಕ್ಯಾಂಪರ್‌’ಗಳಿಗೆ ಶುಭೋದಯ ಹೇಳುತ್ತಿತ್ತು. ಕೆಂಪು ಕೋಟಿನ ಸಿಬ್ಬಂದಿ ಜನರನ್ನು ಆಟಕ್ಕೆಳೆಯುತ್ತಿದ್ದರು. ಗಂಟುಮೊಣಕಾಲಿನ ಗಂಡಸರಿಗೂ ಚೆಲುವೆಯರಾದ ಅಜ್ಜಿಯರಿಗೂ ಸ್ಪರ್ಧೆಗಳಿದ್ದವು. ರಾತ್ರಿ ತಂದೆತಾಯಿ ನೃತ್ಯಶಾಲೆಯಲ್ಲಿದ್ದಾಗ ಕೋಣೆಗಳ ಸಾಲಿನಲ್ಲಿ ಗಸ್ತು ತಿರುಗುವವರು ಅಳುವ ಕೂಸಿನ ಸುದ್ದಿ ಮುಟ್ಟಿಸುತ್ತಿದ್ದರು.

ಬಟ್ಲಿನ್ ಹೆಸರು ಮಾಡಿದ ಎನ್ನುವುದಕ್ಕಿಂತ, ಒಲೆ ಹಚ್ಚದೆ, ಪಾತ್ರೆ ತೊಳೆಯದೆ ಏಳು ದಿನ ಕಳೆದ ಅಮ್ಮಂದಿರು ಈ ಪದದ ಕಳಂಕ ತೊಳೆದರು ಎನ್ನುವುದೇ ಸರಿ. ಅವರ ಪಾಲಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಇಷ್ಟರಲ್ಲೇ ಇನ್ನೊಂದು ದಾರಿ ತೆರೆದಿತ್ತು. 1950ರಲ್ಲಿ ವ್ಲಾಡಿಮಿರ್ ರೈಟ್ಜ್‌ನ ಹೊರೈಜ಼ನ್ ಸಂಸ್ಥೆ ವಿಮಾನದಲ್ಲಿ ಬ್ರಿಟನ್ನಿನ ಪ್ರವಾಸಿಗರನ್ನು ಕೋರ್ಸಿಕಾ ದ್ವೀಪಕ್ಕೆ ಕರೆದೊಯ್ದಿತು. ಅವರು ತಂಗಿದ್ದೂ ಡೇರೆಗಳಲ್ಲೇ! ಮುಂದೆ ಸ್ಪೇನಿನ ಬಿಸಿಲು ಅಗ್ಗವಾಗುತ್ತ ಹೋದಂತೆ ಮೋಡ ಕವಿದ ತವರಿನ ಕಡಲು ಸೊರಗಿತು. ‘ಕ್ಯಾಂಪ್’ ಎಂಬ ಹೆಸರಿಗೆ ಹಳೆಯ ಕಾಲದ ವಾಸನೆ ಹತ್ತಿತು. 1983ರಲ್ಲಿ ಫೈಲಿ ಮತ್ತು ಕ್ಲಾಕ್ಟನ್ ಬಟ್ಲಿನ್ ಕ್ಯಾಂಪುಗಳು ಮುಚ್ಚಿದವು.

ಸ್ಕೆಗ್‌ನೆಸ್, ಮೈನ್‌ಹೆಡ್, ಬಾಗ್ನರ್ ರೀಜಿಸ್‌ಗಳಲ್ಲಿ ಬಟ್ಲಿನ್ಸ್ ಇಂದಿಗೂ ನಡೆಯುತ್ತಿದೆ. ಈಗ ಅವುಗಳ ಹೆಸರು ‘ರೆಸಾರ್ಟ್’.