ಹೆಸರಿನ ಚೌಕ ತುಂಬಿ ಹರಿದಾಗ: ಇಮೇಲ್ ಸರ್ವರ್‌ಗಳ ಒಂದು ಹಳೆಯ ಕಥೆ

ಪಕ್ಕದ ಮನೆ ಅಜ್ಜಿಗೆ ವೃದ್ಧಾಪ್ಯ ವೇತನದ ಅರ್ಜಿ ತುಂಬಿಕೊಡುತ್ತಿದ್ದೆ. ಹೆಸರು ಬರೆಯಲು ಚೌಕಗಳಿದ್ದವು, ಒಂದು ಚೌಕಕ್ಕೆ ಒಂದಕ್ಷರ. ಅಜ್ಜಿಯ ಹೆಸರು, ಗಂಡನ ಹೆಸರು, ಮನೆತನದ ಹೆಸರು ಎಲ್ಲ ಸೇರಿದರೆ ಚೌಕಗಳು ಸಾಲಲಿಲ್ಲ. "ಮುಂದಕ್ಕೆ ಬರಿ ಮಗಾ, ಜಾಗ ಐತಲ್ಲ" ಅಂದರು. ಆದರೆ ಆ ಮುಂದಿನ ಜಾಗದಲ್ಲಿ ಇದ್ದದ್ದು ‘ಕಚೇರಿ ಉಪಯೋಗಕ್ಕೆ ಮಾತ್ರ’ ಎಂಬ ಕಾಲಂ. ನಾನು ಹೆಸರನ್ನು ಮೊಟಕು ಮಾಡಿದೆ.

ಯಾರೋ ಕಿಲಾಡಿ ಒಬ್ಬ ಬೇಕೆಂದೇ ಉದ್ದದ ಹೆಸರು ಬರೆದು, ಅದರ ಬಾಲ ಆ ಕಚೇರಿ ಕಾಲಂನಲ್ಲಿ ‘ಮಂಜೂರು ಮಾಡಿ’ ಎಂದು ಮುಗಿಯುವ ಹಾಗೆ ಮಾಡಿದ ಎಂದುಕೊಳ್ಳಿ. ಮುಂದಿನ ಟೇಬಲ್ಲಿನ ಗುಮಾಸ್ತರು ಅದನ್ನು ಸಾಹೇಬರೇ ಬರೆದದ್ದೆಂದು ನಂಬಿದರೆ? ಮನುಷ್ಯರು ಹಾಗೆ ಮೋಸ ಹೋಗುವುದು ಕಷ್ಟ, ಕೈಬರಹ ನೋಡಿದರೆ ಗೊತ್ತಾಗುತ್ತದೆ. ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಇದಕ್ಕೆ ‘ಬಫರ್ ಓವರ್‌ಫ್ಲೋ’ ಎನ್ನುತ್ತಾರೆ. ಬಫರ್ ಎಂದರೆ ಬಂದ ಅಕ್ಷರಗಳನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳಲು ಮೆಮೊರಿಯಲ್ಲಿ ಕಾದಿರಿಸಿದ ಜಾಗ. ಅದು ತುಂಬಿ ಪಕ್ಕಕ್ಕೆ ಹರಿದರೆ, ಹೊರಗಿನವನು ಬರೆದದ್ದು ಯಂತ್ರದ ಪಾಲಿಗೆ ಆಜ್ಞೆಯಾಗಿಬಿಡಬಹುದು.

ನಮ್ಮ ಇಮೇಲ್‌ಗಳನ್ನು ಹೊತ್ತು ಸಾಗಿಸುವ ಸರ್ವರ್‌ಗಳಲ್ಲಿ ಈ ತಪ್ಪು ಹಲವು ವರ್ಷ ಅಡಗಿ ಕೂತಿತ್ತು. ಅದರ ಕಥೆ ಇದು.

ಯಾರು ಬಂದರೂ ತೆರೆಯುವ ಬಾಗಿಲು

ಮೇಲ್ ಸರ್ವರ್ ಎಂದರೆ ಅಂಚೆ ಕಚೇರಿ ಇದ್ದಂತೆ. ಬೇರೆ ಪ್ರೋಗ್ರಾಂಗಳು ಅಪರಿಚಿತರಿಗೆ ಬಾಗಿಲು ಹಾಕಬಹುದು. ಮೇಲ್ ಸರ್ವರ್ ಹಾಗೆ ಮಾಡುವಂತಿಲ್ಲ, ಗೊತ್ತಿಲ್ಲದವರ ಪತ್ರವನ್ನೂ ತೆಗೆದುಕೊಳ್ಳುವುದೇ ಅದರ ಕೆಲಸ. ಕಳ್ಳನಿಗೆ ಇಷ್ಟು ಸಾಕು.

1979ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್‌ಮನ್ ಎಂಬುವರು ‘ಡೆಲಿವರ್‌ಮೇಲ್’ ಎಂಬ ಪ್ರೋಗ್ರಾಂ ಬರೆದರು. ಅದರ ಮುಂದಿನ ರೂಪವೇ ‘ಸೆಂಡ್‌ಮೇಲ್’. 1983ರ ಹೊತ್ತಿಗೆ ಅದು ಬರ್ಕ್ಲಿಯ ಯುನಿಕ್ಸ್ ಜೊತೆ ಹೊರಬಂತು.

ಆಗ ಈಗಿನ ಹಾಗೆ ಒಂದೇ ಇಂಟರ್ನೆಟ್ ಇರಲಿಲ್ಲ. ಹಲವು ಜಾಲಗಳಿದ್ದವು, ಒಂದೊಂದರಲ್ಲಿ ವಿಳಾಸ ಬರೆಯುವ ರೀತಿ ಒಂದೊಂದು. ಒಂದು ಕಡೆ ‘ಆಟ್’ ಚಿಹ್ನೆ, ಇನ್ನೊಂದು ಕಡೆ ಆಶ್ಚರ್ಯಸೂಚಕ ಚಿಹ್ನೆ, ಮತ್ತೊಂದು ಕಡೆ ಎರಡು ಚುಕ್ಕೆ. ಇವೆಲ್ಲವನ್ನೂ ಓದಿ, ಒಂದು ಜಾಲದ ಪತ್ರವನ್ನು ಇನ್ನೊಂದಕ್ಕೆ ದಾಟಿಸುವುದು ಸೆಂಡ್‌ಮೇಲ್‌ನ ಹೆಗ್ಗಳಿಕೆ. ಹಾಗಾಗಿ ಅದರೊಳಗೆ ವಿಳಾಸ ಓದುವ ಭಾಗ ಬಹಳ ಗೋಜಲಾಯಿತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನೂ ಎರಡು ವಿಷಯ ಸೇರಿಸಿಕೊಳ್ಳಿ. ಸೆಂಡ್‌ಮೇಲ್ ಬರೆದದ್ದು ಸಿ ಭಾಷೆಯಲ್ಲಿ. ಚೌಕ ಮುಗಿಯಿತು ಎಂದು ಆ ಭಾಷೆ ತಾನಾಗಿ ಎಚ್ಚರಿಸುವುದಿಲ್ಲ, ಎಣಿಕೆಯ ಹೊಣೆ ಬರೆಯುವವನದೇ. ಎರಡನೆಯದು, ಸೆಂಡ್‌ಮೇಲ್ ಯಂತ್ರದ ಯಜಮಾನನ ಅಧಿಕಾರದಲ್ಲೇ ಕೆಲಸ ಮಾಡುತ್ತಿತ್ತು. ಅದನ್ನು ಹಿಡಿದವನಿಗೆ ಇಡೀ ಯಂತ್ರವೇ ಕೈವಶ.

1988ರ ಎಚ್ಚರಿಕೆ

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ಒಂದು ‘ವರ್ಮ್’ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡಿತು. ಆಗ ಜಾಲದಲ್ಲಿದ್ದ ಸುಮಾರು 60,000 ಕಂಪ್ಯೂಟರ್‌ಗಳಲ್ಲಿ 6,000ಕ್ಕೆ ತಗುಲಿತು ಎಂಬುದು ಅಂದಿನ ಅಂದಾಜು.

ಅದು ನುಗ್ಗಿದ ಬಾಗಿಲುಗಳಲ್ಲಿ ಒಂದು ಸೆಂಡ್‌ಮೇಲ್. ಆದರೆ ಅಲ್ಲಿ ಆದದ್ದು ಓವರ್‌ಫ್ಲೋ ಅಲ್ಲ, ಪರೀಕ್ಷೆಗೆಂದು ಇಟ್ಟಿದ್ದ ಕಳ್ಳಬಾಗಿಲನ್ನು ಮುಚ್ಚಲು ಮರೆತಿದ್ದರು. ಓವರ್‌ಫ್ಲೋ ಆದದ್ದು ‘ಫಿಂಗರ್’ ಎಂಬ ಇನ್ನೊಂದು ಸೇವೆಯಲ್ಲಿ. ಅಲ್ಲಿ 512 ಅಕ್ಷರಗಳಿಗೆ ಜಾಗವಿತ್ತು, ವರ್ಮ್ ಕಳಿಸಿದ್ದು 536. ಹೆಚ್ಚಾದ ಆ 24 ಅಕ್ಷರ ‘ಕಚೇರಿ ಕಾಲಂ’ಗೆ ಹರಿದವು.

ಮೋರಿಸ್‌ಗೆ ಮೂರು ವರ್ಷದ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, 10,050 ಡಾಲರ್ ದಂಡ ಬಿತ್ತು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ಅವಘಡ ನಿಭಾಯಿಸಲು ‘ಸರ್ಟ್’ ತಂಡ ಹುಟ್ಟಿತು. ತೂತುಗಳನ್ನು ಮುಚ್ಚಿದರು. ಆದರೆ ಸೆಂಡ್‌ಮೇಲ್‌ನ ವಿಳಾಸ ಓದುವ ಭಾಗದಲ್ಲಿದ್ದ ಒಂದು ಲೆಕ್ಕದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ಕಂಸದ ಲೆಕ್ಕ

ಆ ತಪ್ಪು ಹೊರಬಿದ್ದದ್ದು 2003ರ ಮಾರ್ಚ್ 3ರಂದು. ಐಎಸ್ಎಸ್ ಎಂಬ ಭದ್ರತಾ ಕಂಪನಿಯ ಮಾರ್ಕ್ ಡೌಡ್ ಅದನ್ನು ಪತ್ತೆ ಮಾಡಿದ್ದರು. ಆ ಹೊತ್ತಿಗೆ ಇಂಟರ್ನೆಟ್ ಮೇಲ್‌ನ ಶೇ. 50ರಿಂದ 75ರಷ್ಟನ್ನು ಸೆಂಡ್‌ಮೇಲ್ ಸಾಗಿಸುತ್ತಿದೆ ಎಂದು ಆ ಕಂಪನಿ ಅಂದಾಜಿಸಿತ್ತು.

ತಪ್ಪು ಇಷ್ಟೇ. ಪತ್ರದ ಮೇಲಿನ ವಿಳಾಸದಲ್ಲಿ ಕಂಸದ ಚಿಹ್ನೆಗಳು ಬರುತ್ತವೆ. ಕಂಸ ತೆರೆದಾಗ ಉಳಿದ ಜಾಗದಲ್ಲಿ ಒಂದು ಕಳೆಯಬೇಕು, ಮುಚ್ಚಿದಾಗ ಒಂದು ಕೂಡಬೇಕು. ಪ್ರೋಗ್ರಾಂ ಕೂಡುತ್ತಿತ್ತು, ಕಳೆಯಲು ಮರೆತಿತ್ತು. ತೆರೆದು ಮುಚ್ಚಿ, ತೆರೆದು ಮುಚ್ಚಿ ಎಂದು ಸಾಲಾಗಿ ಬರೆದರೆ ಪ್ರತಿ ಸಲವೂ ಇಲ್ಲದ ಒಂದು ಚೌಕ ಇದೆ ಎಂದು ಅದು ನಂಬುತ್ತಿತ್ತು. ಅಂಗಡಿಯವನು ಜಮಾ ಮಾತ್ರ ಬರೆದುಕೊಂಡು ಖರ್ಚು ಬರೆಯದಿದ್ದರೆ ಪುಸ್ತಕದಲ್ಲಿ ದುಡ್ಡು ಬೆಳೆಯುವ ಹಾಗೆ.

5.79ರಿಂದ 8.12.7ರವರೆಗಿನ ಎಲ್ಲ ಆವೃತ್ತಿಗಳಲ್ಲೂ ಇದು ಇತ್ತು, ಅಂದರೆ ಸುಮಾರು ಹದಿನೈದು ವರ್ಷ. ಇನ್ನೂ ಭಯದ ಸಂಗತಿ ಬೇರೆ ಇತ್ತು. ವಿಷ ಇದ್ದದ್ದು ಪತ್ರದಲ್ಲೇ. ಹೊರಬಾಗಿಲಲ್ಲಿ ಈ ತಪ್ಪಿಲ್ಲದ ಬೇರೆ ಸರ್ವರ್ ಕೂತಿದ್ದರೂ, ಅದು ಏನೂ ತಿಳಿಯದೆ ಪತ್ರವನ್ನು ಒಳಗಿನ ಸೆಂಡ್‌ಮೇಲ್‌ಗೆ ತಲುಪಿಸುತ್ತಿತ್ತು. ಯಾರೂ ಪತ್ರ ತೆರೆದು ಓದಬೇಕಾಗಿಯೂ ಇರಲಿಲ್ಲ.

ಅದಕ್ಕೇ ಕೆಲವು ವಾರ ಸುದ್ದಿಯನ್ನು ಗುಟ್ಟಾಗಿಟ್ಟರು. ಐಬಿಎಂ, ಸನ್, ಎಚ್‌ಪಿ, ರೆಡ್ ಹ್ಯಾಟ್‌ನಂಥ ಕಂಪನಿಗಳು ಮೊದಲು ತೇಪೆ ಸಿದ್ಧಮಾಡಿಕೊಂಡವು. ಆಗಷ್ಟೇ ಹುಟ್ಟಿದ್ದ ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯೂ ಕೈಜೋಡಿಸಿತ್ತು. ಪ್ರಕಟಣೆ ಬಂದ ಒಂದೆರಡು ದಿನದಲ್ಲೇ ಪೋಲೆಂಡಿನ ಸಂಶೋಧಕರ ತಂಡವೊಂದು ತೇಪೆಯನ್ನು ಬಿಡಿಸಿ ನೋಡಿ ತೂತು ಎಲ್ಲಿತ್ತು ಎಂದು ವಿವರಿಸಿತು. ಅಪ್‌ಡೇಟ್ ಮಾಡದೆ ಕೂತವರಿಗೆ ಉಳಿದದ್ದು ಅಷ್ಟೇ ಸಮಯ.

ಅದೇ ತಿಂಗಳ 29ರಂದು ಇನ್ನೊಂದು ತಪ್ಪು ಬಯಲಾಯಿತು, ಕಂಡುಹಿಡಿದವರು ಮಿಖಾಲ್ ಜಲೆವ್‌ಸ್ಕಿ. ಅದೂ ವಿಳಾಸ ಓದುವ ಭಾಗದಲ್ಲೇ. ‘ಅಕ್ಷರವಿಲ್ಲ’ ಎಂದು ತೋರಿಸಲು ಇಟ್ಟುಕೊಂಡಿದ್ದ ಗುರುತು ಒಂದು ನಿಜವಾದ ಅಕ್ಷರದ ಸಂಖ್ಯೆಗೆ ಹೊಂದಿಬಿಡುತ್ತಿತ್ತು, ಆಗ ಉದ್ದ ಅಳೆಯುವ ಕೆಲಸವೇ ತಪ್ಪಿಹೋಗುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಅದೇ ಭಾಗದಲ್ಲಿ ಮತ್ತೊಂದು. ಹಲವು ಜಾಲಗಳ ಕಾಲ ಮುಗಿದು ವರ್ಷಗಳಾಗಿದ್ದವು, ಆ ಕಾಲಕ್ಕೆಂದು ಹೆಣೆದ ಗೋಜಲು ಮಾತ್ರ ಹಾಗೇ ಉಳಿದಿತ್ತು.

ಕೆಲಸ ಹಂಚಿದವರು

ತೇಪೆ ಹಾಕಿದರೆ ಸಾಲದು, ಮನೆಯನ್ನೇ ಬೇರೆ ರೀತಿ ಕಟ್ಟಬೇಕು ಎಂದವರೂ ಇದ್ದರು. ಡೇನಿಯಲ್ ಬರ್ನ್‌ಸ್ಟೈನ್ ‘ಕ್ಯೂಮೇಲ್’ ಬರೆದು, 1997ರಲ್ಲಿ ಅದರಲ್ಲಿ ಭದ್ರತೆಯ ತೂತು ತೋರಿಸಿದವರಿಗೆ 500 ಡಾಲರ್ ಬಹುಮಾನ ಎಂದರು. 1998ರಲ್ಲಿ ಐಬಿಎಂನಲ್ಲಿದ್ದ ವೀಟ್ಸೆ ವೆನೆಮಾ ‘ಪೋಸ್ಟ್‌ಫಿಕ್ಸ್’ ತಂದರು. ಇಬ್ಬರ ಉಪಾಯವೂ ಒಂದೇ. ಪತ್ರ ತೆಗೆದುಕೊಳ್ಳುವವನು ಬೇರೆ, ವಿಂಗಡಿಸುವವನು ಬೇರೆ, ಹಂಚುವವನು ಬೇರೆ. ಬಾಗಿಲಲ್ಲಿ ಕೂತವನ ಕೈಗೆ ತಿಜೋರಿಯ ಬೀಗದ ಕೈ ಕೊಡಬಾರದು. ಒಬ್ಬ ಮೋಸಹೋದರೂ ಮನೆ ಉಳಿಯುತ್ತದೆ.

ಹಾಗೆಂದು ಕಥೆ ಮುಗಿಯಲಿಲ್ಲ. 1995ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಜಲ್ ಆರಂಭಿಸಿದ ‘ಎಕ್ಸಿಮ್’ ಜಗತ್ತಿನಾದ್ಯಂತ ಹರಡಿತು. 2018ರ ಫೆಬ್ರವರಿಯಲ್ಲಿ ತೈವಾನಿನ ಡೆವ್‌ಕೋರ್ ಸಂಸ್ಥೆ ಅದರಲ್ಲೂ ಒಂದು ಓವರ್‌ಫ್ಲೋ ಕಂಡಿತು. ಲೆಕ್ಕ ತಪ್ಪಿದ್ದು ಬರೀ ಒಂದು ಬೈಟ್, ನಮ್ಮ ಅರ್ಜಿಯ ಲೆಕ್ಕದಲ್ಲಿ ಒಂದೇ ಒಂದು ಚೌಕ. ಇದನ್ನು ಬಳಸಿ ನುಗ್ಗುವುದು ಕಷ್ಟ ಎಂದು ಎಕ್ಸಿಮ್‌ನವರು ಭಾವಿಸಿದ್ದರು. ಮುಂದಿನ ತಿಂಗಳು ಡೆವ್‌ಕೋರ್ ನುಗ್ಗುವ ದಾರಿಯನ್ನೇ ತೋರಿಸಿತು. ಕನಿಷ್ಠ 4 ಲಕ್ಷ ಸರ್ವರ್‌ಗಳು ಅಪಾಯದಲ್ಲಿವೆ ಎಂಬುದು ಅವರ ಅಂದಾಜು.

ನಾನು ದಿನವೂ ಊರಿನ ಸುದ್ದಿಯನ್ನು ಇಮೇಲ್‌ನಲ್ಲೇ ಡೆಸ್ಕ್‌ಗೆ ಕಳಿಸುತ್ತೇನೆ. ಅದರಲ್ಲಿ ಹೆಸರು ಹೇಳಬೇಡಿ ಎಂದು ಕೈಮುಗಿದವರ ಹೆಸರೂ ಕೆಲವೊಮ್ಮೆ ಇರುತ್ತದೆ. ಅದು ಯಾವ ಯಂತ್ರದ ಮೂಲಕ ಹೋಗುತ್ತದೆ, ಅಲ್ಲಿನವರು ಸಮಯಕ್ಕೆ ಸರಿಯಾಗಿ ಅಪ್‌ಡೇಟ್ ಹಾಕಿದ್ದಾರೋ ಇಲ್ಲವೋ, ನನ್ನ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ನಮ್ಮ ಫೋನ್ ಮಾತ್ರ. ‘ಸೆಕ್ಯುರಿಟಿ ಅಪ್‌ಡೇಟ್ ಬಂದಿದೆ’ ಎಂದು ಅದು ಕೇಳಿದಾಗ ‘ಆಮೇಲೆ’ ಒತ್ತುವ ಅಭ್ಯಾಸ ನನಗೂ ಇತ್ತು. 2003ರಲ್ಲಿ ಪ್ರಕಟಣೆಗೂ ಪೋಲೆಂಡಿನವರ ವಿವರಣೆಗೂ ನಡುವೆ ಎಷ್ಟು ಸಮಯವಿತ್ತು ಎಂದು ಓದಿದ ಮೇಲೆ ಅದನ್ನು ಬಿಟ್ಟೆ.