ಮುಂಬಯಿ ಹೈಕೋರ್ಟಿನ ಲೈಬ್ರರಿಗೆ ಯಾರು ಮೆಂಬರು?

ಧಾರವಾಡದ ಹಳೆಯ ವಕೀಲರ ಮನೆಗಳಲ್ಲಿ ಒಂದು ಗಾಜಿನ ಬೀರು ಇರುತ್ತಿತ್ತು. ಒಳಗೆ ದಪ್ಪ ರಟ್ಟಿನ ಪುಸ್ತಕಗಳ ಸಾಲು, ಬೆನ್ನ ಮೇಲೆ ಬಂಗಾರದ ಅಕ್ಷರದಲ್ಲಿ 'ಬಾಂಬೆ ಲಾ ರಿಪೋರ್ಟರ್'. ಮಂಗಳೂರು ಕಡೆಯ ವಕೀಲರ ಮನೆಯಲ್ಲಿ ಅದೇ ಜಾಗದಲ್ಲಿ 'ಮದ್ರಾಸ್ ಲಾ ಜರ್ನಲ್'. ಎರಡೂ ಕಡೆಯ ಪಕ್ಷಗಾರರು ಕನ್ನಡ ಬಲ್ಲವರೇ, ಬೀರು ಮಾತ್ರ ಬೇರೆ. ಅದು ಯಾಕೆ ಹಾಗೆ ಅಂತ ಊರಲ್ಲಿದ್ದಾಗ ನಾನು ಯೋಚಿಸಿದವನಲ್ಲ. ಮುಂಬಯಿಗೆ ಬಂದು ಫೋರ್ಟಿನ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ ಮೇಲೆ ಗೊತ್ತಾಯಿತು.

ಕೆನರಾ ಮೊದಲು ಒಂದೇ ಜಿಲ್ಲೆ, ಮದರಾಸು ಪ್ರಾಂತದ್ದು. ಅದನ್ನು ಎರಡಾಗಿ ಸೀಳಿ 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟರು. ಕಾರವಾರದ ಬಂದರು, ಹತ್ತಿಯ ವ್ಯಾಪಾರ, ಮುಂಬಯಿ ವರ್ತಕರ ಒತ್ತಾಯ, ಇವೆಲ್ಲ ಅದರ ಹಿಂದಿದ್ದವು. ಮುಂಬಯಿ ಹೈಕೋರ್ಟು ಹುಟ್ಟಿದ್ದೂ ಅದೇ 1862ರಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ ಮೊದಲೇ ಮುಂಬಯಿ ಪ್ರಾಂತದಲ್ಲಿದ್ದವು. ಹೀಗಾಗಿ ನಮ್ಮ ನಾಲ್ಕು ಜಿಲ್ಲೆಗಳ ಅಪೀಲೆಲ್ಲ ಮುಂಬಯಿಗೆ, ಮಂಗಳೂರು-ಬಳ್ಳಾರಿಗಳದ್ದು ಮದರಾಸಿಗೆ.

ಇದೇನು ಬರೀ ವಿಳಾಸದ ವ್ಯತ್ಯಾಸ ಅಂದುಕೊಳ್ಳಬೇಡಿ. ಗಂಡುಮಕ್ಕಳಿಲ್ಲದ, ಹೆಂಡತಿಯೂ ತೀರಿಹೋದ ಒಬ್ಬ ಬ್ರಾಹ್ಮಣ ಗೃಹಸ್ಥನ ಸ್ವಂತ ತೋಟ ಮಗಳಿಗೆ ಬಂತು ಅಂತ ಇಟ್ಟುಕೊಳ್ಳಿ. ತೋಟ ಕುಮಟೆಯಲ್ಲಿದ್ದು, ಆತ ಅಲ್ಲಿಯವನೇ ಆಗಿದ್ದರೆ, ಮುಂಬಯಿ ಕೋರ್ಟು ಒಪ್ಪಿದ ಹಿಂದೂ ಕಾಯ್ದೆಯಂತೆ ಆಕೆ ಪೂರ್ತಿ ಒಡತಿ. ಮಾರಬಹುದು, ದಾನ ಕೊಡಬಹುದು. ಅದೇ ಕುಂದಾಪುರದಲ್ಲಾದರೆ ಮದರಾಸಿನ ಕಾಯ್ದೆ: ಆಕೆಗೆ ಬದುಕಿರುವ ತನಕ ಮಾತ್ರ ಹಕ್ಕು, ಆಮೇಲೆ ಅದು ಅವಳ ಅಪ್ಪನ ಮುಂದಿನ ವಾರಸುದಾರರಿಗೆ. ಅವಳು ಮಾರಿದ್ದನ್ನು ಅವರು ಕೋರ್ಟಿಗೆ ಎಳೆಯಬಹುದಿತ್ತು. (ಅಳಿಯಸಂತಾನದ ಮನೆಗಳದ್ದು ಬೇರೆಯೇ ಕಥೆ.) 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವವರೆಗೂ ಹೀಗೇ ಇತ್ತು. ಒಬ್ಬ ಹೆಣ್ಣುಮಗಳ ತೋಟ ಉಳಿಯುವುದೋ ಹೋಗುವುದೋ ಅನ್ನುವುದು ವಕೀಲನ ಬೀರುವಿನಲ್ಲಿ ಯಾವ ರಿಪೋರ್ಟು ಇದೆ, ಅದರ ಯಾವ ಪುಟ ಅವನ ಕೈಗೆ ಸಿಕ್ಕಿತು ಅನ್ನುವುದರ ಮೇಲೂ ನಿಂತಿತ್ತು.

ಆ ಪುಟ ಸಿಗುವ ದೊಡ್ಡ ಜಾಗ ಅಂದ್ರೆ ಮುಂಬಯಿ ಹೈಕೋರ್ಟಿನ ಲೈಬ್ರರಿಗಳು. ಲೈಬ್ರರಿಗಳು ಅಂತ ಬಹುವಚನದಲ್ಲೇ ಹೇಳಬೇಕು. 1878ರಲ್ಲಿ ಮುಗಿದ ಆ ಕಪ್ಪುಕಲ್ಲಿನ ಕಟ್ಟಡದೊಳಗೆ ಜಡ್ಜರದ್ದು ಒಂದು, ಬ್ಯಾರಿಸ್ಟರರ ಬಾರ್ ಅಸೋಸಿಯೇಷನ್ನಿನದು ಒಂದು, ಸಾಲಿಸಿಟರರದ್ದು ಒಂದು, ಅಪೀಲು ವಿಭಾಗದ ವಕೀಲರದ್ದು ಇನ್ನೊಂದು. ಪುಸ್ತಕ ಹೆಚ್ಚುಕಡಿಮೆ ಅವೇ, ಬಾಗಿಲು ಬೇರೆ. ನಗರದ ದೊಡ್ಡ ದುಡ್ಡಿನ ದಾವೆಗಳು ಒರಿಜಿನಲ್ ಸೈಡಿನಲ್ಲಿ ನಡೆಯುತ್ತಿದ್ದವು. ಅಲ್ಲಿ ವಾದಿಸಲು ವಿಲಾಯತಿಯ ಬ್ಯಾರಿಸ್ಟರ್ ಆಗಿರಬೇಕು, ಇಲ್ಲವೇ ಇಲ್ಲಿನ ಕಠಿಣ ಅಡ್ವೊಕೇಟ್ ಪರೀಕ್ಷೆ ಪಾಸಾಗಿರಬೇಕು. ಹಳ್ಳಿಯ ಹೊಲ, ದತ್ತಕ, ಪಾಲುಪಟ್ಟಿಯ ತಕರಾರುಗಳು ಅಪೀಲು ವಿಭಾಗಕ್ಕೆ. ಕನ್ನಡ ಜಿಲ್ಲೆಗಳಿಂದ ಬಂದ ವಕೀಲರ ಜಾಗವೂ ಬಹುಮಟ್ಟಿಗೆ ಅದೇ.

ಮೆಂಬರಾದರೆ ಎಲ್ಲ ಆಯಿತು ಅಂತಲೂ ಇಲ್ಲ. 1923ರಲ್ಲಿ ವಕೀಲಿ ಶುರು ಮಾಡಿದ ಅಂಬೇಡ್ಕರರು ಬ್ಯಾರಿಸ್ಟರೇ. ಆದರೆ ಜಾತಿ ನೋಡಿ ಸಾಲಿಸಿಟರರು ಅವರಿಗೆ ಕೇಸು ಕೊಡುತ್ತಿರಲಿಲ್ಲ, ಅವರು ಅಪೀಲು ವಿಭಾಗದ ಕೆಲಸವನ್ನೇ ನೆಚ್ಚಬೇಕಾಯಿತು. ಅಪೀಲು ವಿಭಾಗದಿಂದಲೇ ಮೇಲೆ ಹೋದವರೂ ಇದ್ದಾರೆ. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರ್ 1901ರಲ್ಲಿ ಇದೇ ಹೈಕೋರ್ಟಿನ ಜಡ್ಜ್ ಆದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ಓದಿದ ಪಿ.ಬಿ. ಗಜೇಂದ್ರಗಡ್ಕರ್ 1926ರಲ್ಲಿ ಅಪೀಲು ವಿಭಾಗಕ್ಕೆ ಬಂದು, 1945ರಲ್ಲಿ ಜಡ್ಜ್ ಆಗಿ, 1964ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಬ್ಯಾರಿಸ್ಟರು-ವಕೀಲ ಅನ್ನುವ ಭೇದ 1961ರ ಅಡ್ವೊಕೇಟ್ಸ್ ಕಾಯ್ದೆಯಿಂದ ಕಾಗದದ ಮೇಲೆ ಹೋಯಿತು. ಒರಿಜಿನಲ್ ಸೈಡಿನ ಪದ್ಧತಿ ಮಾತ್ರ 1976ರ ಕೊನೆಯವರೆಗೂ ಹಾಗೇ ಎಳೆಯಿತು. ಸಂಘಗಳು ಇವತ್ತಿಗೂ ಬೇರೆ ಬೇರೆ.

ಈ ಲೈಬ್ರರಿಗಳ ಸೇವೆ ಏನು ಅಂತ ಕೇಳಿದರೆ, ನಾನು ಕಂಡಷ್ಟರಲ್ಲಿ ಅರ್ಧ ಪುಸ್ತಕದ್ದು, ಅರ್ಧ ಪಟ್ಟೇವಾಲರದ್ದು. ವಕೀಲರು ಬರೀ ಇಸವಿ, ಸಂಪುಟ, ಪುಟದ ನಂಬರು ಹೇಳಿದರೆ ಸಾಕು, ಹಳೇ ಪಟ್ಟೇವಾಲ ಕಣ್ಣು ಮುಚ್ಚಿ ಪುಸ್ತಕ ತೆಗೆದುಕೊಡುತ್ತಿದ್ದ. ಚೀಟಿ ಬರೆದುಕೊಟ್ಟು ಪುಸ್ತಕವನ್ನು ಕೋರ್ಟಿನ ಹಾಲಿಗೆ ಒಯ್ಯಬಹುದು. ಕಾರಕೂನರು ಎದೆಯವರೆಗೆ ಸಂಪುಟ ಹೊತ್ತು ಮೆಟ್ಟಿಲು ಇಳಿಯುವುದು ಬೆಳಗಿನ ದೃಶ್ಯ. ಕಾಯ್ದೆಗೆ ತಿದ್ದುಪಡಿ ಬಂದಾಗ ಸಣ್ಣ ಚೀಟಿ ಕತ್ತರಿಸಿ ಹಳೆಯ ಕಲಮಿನ ಮೇಲೆ ಅಂಟಿಸಬೇಕು. ಈ ಅಂಟಿಸುವ ಕೆಲಸ ಒಂದು ದಿನ ತಪ್ಪಿದರೂ ಯಾರದೋ ಕೇಸು ಕೆಡಬಹುದು. ಜೆರಾಕ್ಸ್ ಬರುವ ಮುಂಚೆ ಇಡೀ ತೀರ್ಪನ್ನು ಕೈಯಲ್ಲಿ ನಕಲು ಮಾಡುವುದೇ ಕಿರಿಯ ವಕೀಲರಿಗೆ ಮೊದಲ ಪಾಠವಾಗಿತ್ತಂತೆ.

ನಾನು ವಕೀಲನಲ್ಲ, ಹಾಗಾಗಿ ಅಲ್ಲಿ ಮೆಂಬರಲ್ಲ. ನನ್ನಂಥವರಿಗೆ ಹತ್ತಿರದ ಕಾಲಾ ಘೋಡಾದಲ್ಲಿ ಡೇವಿಡ್ ಸಸೂನ್ ಲೈಬ್ರರಿ ಇದೆ. 1847ರಲ್ಲಿ ಟಂಕಸಾಲೆ ಮತ್ತು ಸರಕಾರಿ ಹಡಗುಕಟ್ಟೆಯ ಮೆಕ್ಯಾನಿಕ್ಕುಗಳು ತಮಗಾಗಿ ಶುರು ಮಾಡಿದ ಸಂಸ್ಥೆ ಅದು. ಡೇವಿಡ್ ಸಸೂನ್ ಕೊಟ್ಟ 60,000 ರೂಪಾಯಿಗೆ ಸರಕಾರದ ಹಣ ಸೇರಿ 1870ರಲ್ಲಿ ಈಗಿನ ಹಳದಿ ಕಲ್ಲಿನ ಕಟ್ಟಡ ಎದ್ದಿತು. ಸನದು ಬೇಡ, ಚಂದಾ ಕಟ್ಟಿದರೆ ಯಾರೂ ಮೆಂಬರು. ಪರೀಕ್ಷೆ ಹತ್ತಿರ ಬಂದರೆ ಲಾ ಓದುವ ಹುಡುಗರೇ ಮೇಜು ತುಂಬ. ನಮ್ಮ ಕಡೆಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ಸಂಘಗಳ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕಾಲೇಜು ದಾಟಿ ವಕೀಲರಾದ ಕಾಲ ಒಂದಿತ್ತು. ಖೋಲಿಯಲ್ಲಿ ಹತ್ತು ಜನ ಮಲಗುವಾಗ ಕಾಯ್ದೆ ಪುಸ್ತಕ ಎಲ್ಲಿ ಬಿಚ್ಚುವುದು? ಒಂದು ಫ್ಯಾನು, ಒಂದು ಕುರ್ಚಿ, ಸುಮ್ಮನಿರುವ ನಾಲ್ಕು ತಾಸು, ಇಷ್ಟಕ್ಕೇ ಚಂದಾ ಕೊಟ್ಟರೂ ನಷ್ಟವಿಲ್ಲ. 2023ರಲ್ಲಿ ಅದರ ದೊಡ್ಡ ದುರಸ್ತಿ ಮುಗಿದ ಮೇಲೆ ಹೋಗಿದ್ದೆ, ವರಾಂಡದ ಉದ್ದ ಕುರ್ಚಿಗಳು ಇನ್ನೂ ಇವೆ.

1956ರ ನವೆಂಬರ್ 1ಕ್ಕೆ ನಾಲ್ಕೂ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದವು. ಅಪೀಲುಗಳು ಬೆಂಗಳೂರಿಗೆ ಹೋದವು, ಪುಸ್ತಕಗಳು ಮುಂಬಯಿಯಲ್ಲೇ ಉಳಿದವು. ಆದರೆ ಹಳೆಯ ಕಾಯ್ದೆ ಒಂದೇ ದಿನಕ್ಕೆ ಹೋಗುವುದಿಲ್ಲವಲ್ಲ. ಮುಂಬಯಿಯ 1948ರ ಗೇಣಿ ಕಾಯ್ದೆ, ಮೈಸೂರಿನ ಭೂಸುಧಾರಣೆ ಕಾಯ್ದೆ 1965ರಲ್ಲಿ ಜಾರಿಗೆ ಬರುವ ತನಕ, ನಮ್ಮ ಕಡೆ ನಡೆಯಿತು. ಅಷ್ಟು ದಿನವೂ ಧಾರವಾಡದ ವಕೀಲನಿಗೆ ಮುಂಬಯಿಯ ತೀರ್ಪು ಬೇಕಿತ್ತು. 2008ರಲ್ಲಿ ಧಾರವಾಡದಲ್ಲೇ ಹೈಕೋರ್ಟಿನ ಸಂಚಾರಿ ಪೀಠ ಶುರುವಾಯಿತು, 2013ರಲ್ಲಿ ಕಾಯಂ ಆಯಿತು. ಈಗ ಸುಪ್ರೀಂ ಕೋರ್ಟಿನ ತೀರ್ಪುಗಳು ಪುಕ್ಕಟೆಯಾಗಿ ಫೋನಿನಲ್ಲೇ ಸಿಗುತ್ತವೆ. ಮನೆಯ ಬೀರು ಖಾಲಿ ಮಾಡುವುದು ಹೇಗೆ ಅನ್ನುವುದೇ ವಕೀಲರ ಮೊಮ್ಮಕ್ಕಳಿಗೆ ಸಮಸ್ಯೆ.

ಬಹಳ ವರ್ಷದ ಹಿಂದೆ ಫ್ಲೋರಾ ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ 'ಬಾಂಬೆ ಲಾ ರಿಪೋರ್ಟರ್'ನ ಒಂಟಿ ಸಂಪುಟ ಕಂಡೆ. ರಟ್ಟು ಕಿತ್ತಿತ್ತು. ಒಳಗೆ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದಿತ್ತು: 'ಕಾರವಾರದ ಮಗಳ ಕೇಸಿಗೆ ಇದನ್ನು ನೋಡು.' ಆ ಮಗಳಿಗೆ ತೋಟ ಸಿಕ್ಕಿತೋ ಇಲ್ಲವೋ. ಮೂವತ್ತು ರೂಪಾಯಿ ಕೊಟ್ಟು ಪುಸ್ತಕ ತಂದೆ.